ಎಳೆಯಬೇಡಿ, ಹಿಮ್ಮಡಿ ತಿರುಗಿಸಿ

ಸೈಕಲ್ಲಿಗೆ ಕ್ಲಿಪ್‌ಲೆಸ್ ಪೆಡಲ್, ಅಂದರೆ ಶೂವನ್ನು ಕಚ್ಚಿ ಹಿಡಿಯುವ ಪೆಡಲ್, ಹಾಕಿಸಿಕೊಂಡು ಹೋದವರು ವಾರದೊಳಗೆ ಮೊಣಕೈ ತರಚಿಕೊಂಡು ನನ್ನ ಅಂಗಡಿಗೆ ವಾಪಸ್ ಬರುತ್ತಾರೆ. "ಪೆಡಲ್ ಸರಿಯಿಲ್ಲ, ಕಾಲು ಬಿಡುವುದಿಲ್ಲ" ಅಂತ ದೂರು. ಹೆಚ್ಚಿನ ಸಲ ಪೆಡಲ್ ಸರಿಯಾಗಿಯೇ ಇರುತ್ತದೆ.

ಮೊನ್ನೆ ಬಂದವರು ನಮ್ಮ ಮಾಷ್ಟ್ರು. ಕುಂಬಳೆಯಿಂದ ಸೀತಾಂಗೋಳಿ ದಾಟಿ ಬದಿಯಡ್ಕದವರೆಗೆ ಆರಾಮವಾಗಿ ತುಳಿದಿದ್ದಾರೆ. ಪೇಟೆಯಲ್ಲಿ ಬಸ್ಸು ಅಡ್ಡ ಬಂತು, ಬ್ರೇಕ್ ಹಿಡಿದರು, ಸೈಕಲ್ ನಿಂತಿತು. ನಿಂತ ಸೈಕಲ್ ಸಮೇತ ಮೆಲ್ಲ ವಾಲಿ ಮೀನಿನ ಬುಟ್ಟಿಯ ಪಕ್ಕ ಮಲಗಿದರು. ಮೀನು ಮಾರುವವರು, "ಮಾಷ್ಟ್ರೇ, ಕಾಲು ಊರಬಾರದಾ?" ಅಂತ ಕೇಳಿದರಂತೆ.

"ಎಷ್ಟು ಎಳೆದರೂ ಬರಲಿಲ್ಲ ಮಾರಾಯ್ರೆ" ಅಂದರು.

ಎಳೆದದ್ದೇ ತಪ್ಪು. ಹತ್ತು ವರ್ಷ ಟೋ ಕ್ಲಿಪ್ ತುಳಿದ ಕಾಲು ಅದು. ಟೋ ಕ್ಲಿಪ್ಪಿನಲ್ಲಿ ಬೆರಳಿನ ಮುಂದೆ ಗೂಡು, ಮೇಲೆ ಪಟ್ಟಿ. ಪಟ್ಟಿ ಸಡಿಲ ಇದ್ದರೆ ಕಾಲು ಹಿಂದಕ್ಕೆ ಎಳೆದರೆ ಸಾಕು. ಕ್ಲಿಪ್‌ಲೆಸ್‌ನಲ್ಲಿ ಶೂ ಅಡಿಗೆ ಬೋಲ್ಟ್ ಹಾಕಿದ ಕ್ಲೀಟ್ ಅನ್ನುವ ತುಂಡು ಪೆಡಲಿಗೆ ಹಿಂದೆ ಮುಂದೆ ಕಚ್ಚಿಕೊಂಡಿರುತ್ತದೆ. ಎಳೆದರೆ ಬಿಡಬಾರದು ಅಂತಲೇ ಅದನ್ನು ಮಾಡಿದ್ದು. ಹಿಮ್ಮಡಿಯನ್ನು ಹೊರಗೆ ತಿರುಗಿಸಿ, ಕ್ಲೀಟಿನ ಅಂಚು ಪೆಡಲಿನ ಸ್ಪ್ರಿಂಗನ್ನು ದೂಡುತ್ತದೆ, ಕಾಲು ಹೊರಗೆ ಬರುತ್ತದೆ. ಇದು ಹಿಮದ ಸ್ಕೀಯಿಂದ ಬಂದ ಉಪಾಯ. ಬೀಳುವಾಗ ಕಾಲು ತಿರುಚಿದರೆ ಸ್ಕೀ ಬಿಟ್ಟುಕೊಳ್ಳಬೇಕಲ್ವಾ? ಸ್ಕೀಗೆ ಬೈಂಡಿಂಗ್, ಅಂದರೆ ಶೂ ಹಿಡಿಯುವ ಕೊಂಡಿ, ಮಾಡುತ್ತಿದ್ದ ಲುಕ್ ಕಂಪೆನಿ 1984ರಲ್ಲಿ ಅದನ್ನೇ ಪೆಡಲಿಗೆ ತಂದಿತು. ಮರುವರ್ಷ ಫ್ರಾನ್ಸಿನ ಸೈಕಲ್ ರೇಸುಗಾರ ಬರ್ನಾರ್ ಇನೊ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ರೇಸ್ ಗೆದ್ದರು.

ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಬಸ್ಸು ಅಡ್ಡ ಬಂದಾಗ ಮತ್ತೆ ಎಳೆಯುತ್ತಾರೆ! ಹಾಗಾಗಿ ಗೋಡೆ ಹಿಡಿದು ನಿಂತು ಒಂದೊಂದು ಕಾಲಿಗೆ ಐವತ್ತು ಸಲ ತಿರುಗಿಸಿ. ರಸ್ತೆಯಲ್ಲಿ ಚಕ್ರ ಇನ್ನೂ ಉರುಳುತ್ತಿರುವಾಗಲೇ ಒಂದು ಕಾಲು ಬಿಡಿಸಿ, ನಿಂತ ಮೇಲೆ ಅಲ್ಲ. ಸ್ಪ್ರಿಂಗಿನ ಸ್ಕ್ರೂ ಮೊದಲಿಗೆ ಪೂರ್ತಿ ಸಡಿಲ ಇರಲಿ. ಬಿಗಿ ಮಾಡಿದರೆ ಜಾಸ್ತಿ ಸ್ಪೀಡ್ ಬರುತ್ತದೆ ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಹಾಗಾದರೆ ಯಾವುದು ಬೇಕು? ಚಪ್ಪಲಿ ಹಾಕಿಕೊಂಡು ಅಂಗಡಿ ಅಂಗಡಿಗೆ ನಿಲ್ಲುವವರಿಗೆ ಟೋ ಕ್ಲಿಪ್ ಧಾರಾಳ ಸಾಕು, ಪಟ್ಟಿ ಮಾತ್ರ ಸಡಿಲ ಇಡಿ. ಬಿಗಿದರೆ ಬಗ್ಗಿ ಕೈಯಿಂದಲೇ ಬಿಡಿಸಬೇಕು, ಅದು ಇನ್ನೂ ಕಷ್ಟ. ದೂರ ಹೋಗುವವರಿಗೆ ಎರಡು ಬೋಲ್ಟಿನ ಕ್ಲೀಟ್ ಒಳ್ಳೆಯದು. ಅದು ಅಟ್ಟೆಯ ಗುಳಿಯಲ್ಲಿ ಕೂರುತ್ತದೆ, ನಡೆಯಬಹುದು. ರೇಸಿನವರ ಮೂರು ಬೋಲ್ಟಿನದ್ದು ನಮ್ಮ ಮಳೆಗಾಲಕ್ಕೆ ನನಗೆ ಇಷ್ಟವಿಲ್ಲ. ಹೋಟೆಲಿನ ಒದ್ದೆ ಟೈಲ್ಸ್ ಮೇಲೆ ಬಾತುಕೋಳಿ ನಡಿಗೆ, ಕೆಂಪು ಕೆಸರು ಮೆತ್ತಿಕೊಂಡರೆ ಕಚ್ಚುವುದೇ ಇಲ್ಲ. ಮಂಡಿ ನೋವು ಮೊದಲೇ ಇದ್ದವರು ಡಾಕ್ಟರನ್ನು ಕೇಳಿ. ನಾನು ಬರೀ ಮೆಕ್ಯಾನಿಕ್.

ಮಾಷ್ಟ್ರಿಗೆ ಶಿಮಾನೊ ಕಂಪೆನಿಯ ಎಸ್‌ಎಚ್56 ಕ್ಲೀಟ್ ಹಾಕಿಕೊಟ್ಟೆ. ಅದು ಮೇಲಕ್ಕೆ ಜೋರಾಗಿ ಎಳೆದರೂ ಬಿಡುತ್ತದೆ. ಏರಿನಲ್ಲಿ ಎದ್ದು ತುಳಿಯುವಾಗ ಕಳಚೀತು, ಜಾಗ್ರತೆ ಅಂತಲೂ ಹೇಳಿದೆ. ಹಳೆಯ ಕ್ಲೀಟನ್ನು ಅವರ ಕಿಸೆಗೇ ಹಾಕಿ ಕಳಿಸಿದ್ದೇನೆ, ಗೋಡೆಯ ಪಾಠ ಮುಗಿದ ಮೇಲೆ ತರಲಿ.