ಕೊಲಾಜ್ ಅಂದ್ರೇನು? ಬಣ್ಣ ಬಳಿದ ಕಾಗದದಲ್ಲಿ ಚಿತ್ರ ಕಟ್ಟೋದು

ಶಿಡ್ಲಘಟ್ಟದ ನಮ್ಮನೆಗೆ ಬಂದೋರು ಹಾಲ್ ಗೋಡೆ ಮೇಲಿರೋ ನನ್ನ ಕೆಲಸ ನೋಡಿ ಮೊದ್ಲು ಕೇಳೋದೇ "ಇದು ಪೇಂಟಿಂಗಾ, ಅಂಟಿಸಿರೋದಾ?" ಅಂತ. ಎರಡೂ ಹೌದು. ಇದಕ್ಕೆ ಕೊಲಾಜ್ ಅಂತಾರೆ, ಫ್ರೆಂಚ್‌ನಲ್ಲಿ ಅಂಟಿಸೋದು ಅನ್ನೋ ಮಾತಿಂದ ಬಂದ ಪದ. ಮಿಕ್ಸ್ಡ್ ಮೀಡಿಯಾ ಅಂದ್ರೆ ಇನ್ನೂ ಅಗಲ, ಒಂದೇ ಕೃತಿಯಲ್ಲಿ ಬಣ್ಣ, ಕಾಗದ, ಬಟ್ಟೆ, ದಾರ, ಇದ್ದಿಲು ಹೀಗೆ ಬೇರೆ ಬೇರೆ ಸಾಮಗ್ರಿ ಸೇರಿದ್ರೆ ಅದು ಮಿಶ್ರ ಮಾಧ್ಯಮ.

1912ರಲ್ಲಿ ಪಿಕಾಸೋ ಒಂದು ಚಿತ್ರಕ್ಕೆ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿರೋ ಆಯಿಲ್‌ಕ್ಲಾತ್ (ಮೇಣಬಟ್ಟೆ) ಅಂಟಿಸಿ ಸುತ್ತ ಹಗ್ಗ ಕಟ್ಟಿದ, ಅದೇ ವರ್ಷ ಅವನ ಜೊತೆಗಾರ ಚಿತ್ರಕಾರ ಬ್ರಾಕ್ ಮರದ ಗೆರೆ ಇರೋ ವಾಲ್‌ಪೇಪರ್ ತಂದು ಅಂಟಿಸಿದ. ಇಬ್ರೂ ಅಂಗಡೀಲಿ ಸಿಕ್ಕಿದ್ದನ್ನೇ ತಂದಿದ್ದು. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಫ್ರೆಂಚ್ ಚಿತ್ರಕಾರ ಮಾತೀಸ್ ದಾರಿ. 1941ರಲ್ಲಿ ಹೊಟ್ಟೆ ಆಪರೇಷನ್ ಆದ್ಮೇಲೆ ನಿಂತು ಪೇಂಟ್ ಮಾಡೋದು ಕಷ್ಟ ಆಯ್ತು ಅವನಿಗೆ, ಆಗ ಸಹಾಯಕರು ಖಾಲಿ ಹಾಳೆಗಳಿಗೆ ಗ್ವಾಶ್ ಬಣ್ಣ (ನಮ್ಮ ಪೋಸ್ಟರ್ ಕಲರ್ ಥರದ್ದು) ಬಳಿದು ಕೊಡೋರು, ಇವನು ಕತ್ತರಿ ಹಿಡ್ಕೊಂಡು ನೇರವಾಗಿ ಆಕಾರ ಕತ್ತರಿಸೋನು, ಆಮೇಲೆ ಪಿನ್ ಚುಚ್ಚಿ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಬದಲಾಯಿಸ್ತಾ ಇರೋನು. 1953ರ 'ಬಸವನಹುಳ' ಹಾಗೇ ಆಗಿದ್ದು, ಲಂಡನ್ನಿನ ಟೇಟ್ ಮ್ಯೂಸಿಯಂ‌ನಲ್ಲಿದೆ, ಒಂದೊಂದು ಬದೀನೂ 9 ಅಡಿ ಮೇಲೆ.

ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಬಣ್ಣ ಬಳಿಯೋವಾಗ ಚಿತ್ರದ ಯೋಚನೆನೇ ಬೇಕಾಗಿಲ್ಲ. ಹತ್ತು ಹಾಳೆ ಬಳೀರಿ, ಬಣ್ಣ ಹಸಿ ಇರೋವಾಗ್ಲೇ ಒಂದಕ್ಕೆ ಬಾಚಣಿಗೆ ಎಳೀರಿ, ಇನ್ನೊಂದಕ್ಕೆ ಸ್ಪಂಜ್ ಒತ್ತಿ, ಆಮೇಲೆ ಒಣಗಿಸಿ. ಕ್ಯಾನ್ವಾಸ್ ಮೇಲೆ ಕೆಂಪು ಬಿದ್ರೆ ಬಿತ್ತು, ಇಲ್ಲಿ ಕೆಂಪು ತುಂಡನ್ನ ಎತ್ತಿ ಪಕ್ಕಕ್ಕಿಟ್ಟು ನೋಡ್ಬಹುದು, ತಲೆಕೆಳಗು ಮಾಡ್ಬಹುದು, ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಗ್ಗೆ ಮತ್ತೆ ಜರುಗಿಸ್ಬಹುದು. ಗೋಂದು ಹಚ್ಚೋದು ಕೊನೇಗೆ. ಪ್ರಯೋಗ ಅಂದ್ರೆ ಇದೇ. ಕೈಯಲ್ಲಿ ಹರಿದ್ರೆ ಅಂಚಲ್ಲಿ ಕಾಗದದ ಬಿಳಿ ಇಣುಕುತ್ತೆ, ಕತ್ತರಿಸಿದ್ರೆ ಇಲ್ಲ, ಅಷ್ಟರಲ್ಲೇ ಎರಡು ಬೇರೆ ಗೆರೆ ಸಿಕ್ಕಿದ ಹಾಗಾಯ್ತು.

ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1957ರಲ್ಲಿ ಕಣ್ಣಿನ ಆಪರೇಷನ್ ಆದ್ಮೇಲೆ ಪೂರ್ತಿ ದೃಷ್ಟಿ ಕಳ್ಕೊಂಡ್ರು, ಆಮೇಲೂ ಬಣ್ಣದ ಕಾಗದ ಕತ್ತರಿಸಿ ಕೊಲಾಜ್ ಮಾಡಿದ್ರು. ಕಾಗದದ ಆಕಾರ ಬೆರಳಿಗೂ ಗೊತ್ತಾಗುತ್ತೆ ಅಲ್ವಾ. ಇದನ್ನ ನೆನೆಸ್ಕೊಂಡಾಗೆಲ್ಲ ನನಗೆ ಮೈ ಜುಮ್ಮನ್ನುತ್ತೆ.

ಹೀಗೆ ಕಟ್ಟಿದ್ದು ಎಷ್ಟೋ ಸಲ ಅಮೂರ್ತ ಆಗಿರುತ್ತೆ, ಅಂದ್ರೆ ಇದು ಮರ, ಇದು ಮನೆ ಅಂತ ಗುರುತು ಸಿಗಲ್ಲ. ನೋಡಿದೋರು ತಕ್ಷಣ "ಇದೇನು ಚಿತ್ರ?" ಅಂತಾರೆ. ಬಾಗಿಲ ಮುಂದೆ ಎಳೆ ರಂಗೋಲಿ ಹಾಕಿದಾಗ ಯಾರೂ ಹಾಗೆ ಕೇಳಲ್ಲ, ಎಳೆ ಎಲ್ಲಿಂದ ಹೊರಟು ಎಲ್ಲಿ ಸುತ್ತಿ ಬಂತು ಅಂತ ಕಣ್ಣು ತಾನಾಗೇ ಹಿಂದೆ ಹೋಗುತ್ತೆ. ಕೊಲಾಜನ್ನೂ ಹಾಗೇ ನೋಡಿ.

ನಮ್ಮೂರು ರೇಷ್ಮೆ ಊರು, ಕೊಲಾಜಿಗೆ ಸಾಮಾನಿಗೆ ಬರ ಇಲ್ಲ. ಚಿಟ್ಟೆ ಹೊರಗೆ ಬಂದು ತೂತಾದ ರೇಷ್ಮೆ ಗೂಡು ಕತ್ತರಿಸಿ ಅಂಟಿಸಿದ್ರೆ ಕಾಗದದ ಪಕ್ಕ ಅದರ ಉಬ್ಬು, ನೆರಳು ಎರಡೂ ಬೀಳುತ್ತೆ. ಹಳೇ ಚಂದ್ರಿಕೆಯ (ರೇಷ್ಮೆ ಹುಳ ಗೂಡು ಕಟ್ಟೋಕೆ ಬಿಡೋ ತಟ್ಟೆ) ಬಿದಿರು ಸುತ್ತನ್ನ ಬಣ್ಣದಲ್ಲಿ ಅದ್ದಿ ಹಾಳೆ ಮೇಲೆ ಒತ್ತಿ ನೋಡಿ, ಸುರುಳಿ ಸುರುಳಿಯಾಗಿ ಅಚ್ಚು ಬರುತ್ತೆ. ಹಳೇ ಮದುವೆ ಪತ್ರಿಕೆಯ ದಪ್ಪ ಕಾಗದಾನೂ ಚೆನ್ನಾಗಿ ಬಣ್ಣ ಹಿಡಿಯುತ್ತೆ.

ಒಂದೆರಡು ವಿಷಯ ಮಾತ್ರ ನೆನಪಿರ್ಲಿ. ಒಂದೇ ಕಡೆ ಬಣ್ಣ ಬಳಿದ್ರೆ ಹಾಳೆ ಸುರುಳಿ ಆಗುತ್ತೆ, ಒಣಗಿದ್ಮೇಲೆ ದಪ್ಪ ಪುಸ್ತಕದ ಕೆಳಗಿಡಿ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಹಚ್ಚಿ, ಆಯಿಲ್ ಪೇಸ್ಟಲ್ ತಿಕ್ಕಿದ ಜಾಗದ ಮೇಲೆ ಗೋಂದು ಸರಿಯಾಗಿ ನಿಲ್ಲಲ್ಲ, ಪೇಸ್ಟಲನ್ನ ಎಲ್ಲ ಅಂಟಿಸಿದ್ಮೇಲೆ ತಿಕ್ಕಿ. ನ್ಯೂಸ್‌ಪೇಪರ್ ಬೇಗ ಹಳದಿ ತಿರುಗುತ್ತೆ, ಚಿತ್ರ ಬಹಳ ದಿನ ಉಳೀಬೇಕು ಅಂತಿದ್ರೆ ಒಳ್ಳೆ ಡ್ರಾಯಿಂಗ್ ಶೀಟಿಗೇ ಬಣ್ಣ ಬಳೀರಿ.