ಹುರುಳಿಕಾಯಿ ಒಣಗಿದ್ರೆ ಹುರುಳಿಕಾಳು ಆಗುತ್ತಾ?

ಇದನ್ನ ತುಂಬಾ ಜನ ಕೇಳ್ತಾರೆ, "ಬೀನ್ಸ್‌ಗೆ ನಾವು ಹುರುಳಿಕಾಯಿ ಅಂತೀವಲ್ಲ, ಹಾಗಾದ್ರೆ ಅದನ್ನ ಗಿಡದಲ್ಲೇ ಒಣಗೋಕೆ ಬಿಟ್ರೆ ಹುರುಳಿಕಾಳು ಸಿಗುತ್ತಾ?" ಅಂತ. ಸಿಗಲ್ಲ. ಎರಡೂ ಬೇರೆ ಬೇರೆ ಗಿಡ.

ಹುರುಳಿ ಈ ನೆಲದ ಹಳೇ ಕಾಳು. ಬಳ್ಳಾರಿ ಹತ್ರ ಸಂಗನಕಲ್ಲಲ್ಲಿ ಅಗೆದಾಗ ನವಶಿಲಾಯುಗದ ಜನ ಬಳಸ್ತಿದ್ದ ಹುರುಳಿ ಸುಟ್ಟು ಕರಿಕಾಗಿರೋದು ಸಿಕ್ಕಿದೆ, ಅಂದ್ರೆ ಸುಮಾರು 4000 ವರ್ಷದ ಹಿಂದಿನ ಮಾತು, ಯೋಚನೆ ಮಾಡಿದ್ರೇನೇ ಮೈ ಜುಮ್ಮನ್ನುತ್ತೆ. ಬೀನ್ಸ್ ಹಾಗಲ್ಲ, ಅದು ಹುಟ್ಟಿದ್ದು ಅಮೆರಿಕ ಖಂಡದಲ್ಲಿ, ಮೆಣಸಿನಕಾಯಿ ಆಲೂಗಡ್ಡೆ ತರಾನೇ ಯುರೋಪಿನವರ ಹಡಗು ಓಡಾಡೋಕೆ ಶುರುವಾದ್ಮೇಲೆ ನಮ್ಮ ಕಡೆ ಬಂತು. ಹೊಸ ಕಾಯಿಗೆ ಹಳೇ ಕಾಳಿನ ಹೆಸರು ಅಂಟಿಕೊಂಡಿದೆ ಅಷ್ಟೇ. ತಿಂಗಳ ಹುರುಳಿ ಅಂತಾನೂ ಕರೀತಾರೆ. ನನಗಂತೂ ಹುರುಳಿಕಾಯಿ ಪಲ್ಯ ಅಂದ್ರೇನೇ ಚೆಂದ, ಬೀನ್ಸ್ ಪಲ್ಯ ಅಂತ ಬರೆಯೋಕೆ ಮನಸ್ಸು ಬರಲ್ಲ. ಇನ್ನು "ಮಾತಲ್ಲಿ ಹುರುಳಿಲ್ಲ" ಅಂತೀವಲ್ಲ, ಆ ಹುರುಳು ಬೇರೆ ಪದ, ಹಳಗನ್ನಡದ ಪುರುಳ್, ತಮಿಳಿನ ಪೊರುಳ್‌ಗೆ ನೆಂಟ.

ಇಂಗ್ಲಿಷಲ್ಲಿ ಕಾಯಿಗೂ ಬೀನ್, ಕಾಳಿಗೂ ಬೀನ್, ಕಾಫಿಗೂ ಬೀನ್. ಕಾಫಿ ದ್ವಿದಳ ಧಾನ್ಯವೇ ಅಲ್ಲ, ಹಣ್ಣಿನೊಳಗಿನ ಬೀಜ, ನಾವು ಸರಿಯಾಗೇ ಕಾಫಿ ಬೀಜ ಅಂತೀವಿ. ನಮ್ಮಲ್ಲಿ ಒಂದೇ ಅವರೆಗೆ ಎಷ್ಟು ಹೆಸರು ನೋಡಿ, ಸೊಗಡು ಸಮೇತ ಚೀಲ ತುಂಬ್ಕೊಂಡು ತಂದಾಗ ಅವರೆಕಾಯಿ, ಮನೆಯವರೆಲ್ಲಾ ಸುತ್ತ ಕೂತು ಬಿಡಿಸಿದ್ರೆ ಅವರೆಕಾಳು, ನೆನೆಸಿ ಬೆರಳಲ್ಲಿ ಹಿಸುಕಿ ಸಿಪ್ಪೆ ಹಾರಿಸಿದ್ರೆ ಹಿತಕಿದ ಬೇಳೆ. ಕೈ ಎಷ್ಟು ಕೆಲಸ ಮಾಡಿದೆ ಅಂತ ಹೆಸರಲ್ಲೇ ಗೊತ್ತಾಗುತ್ತೆ.

ಹಾಗಾದ್ರೆ ಹುರುಳಿಕಾಯಿ ಬಲಿತು ಒಣಗಿದ್ರೆ ಏನು ಸಿಗುತ್ತೆ? ರಾಜ್ಮಾದ ಅಣ್ಣತಮ್ಮ! ಎರಡೂ ಒಂದೇ ಜಾತಿ, ತಳಿ ಬೇರೆ. ಹಿತ್ತಲಲ್ಲಿ ಬಲಿತು ಹೋದ ಕಾಯಿ ಇದ್ರೆ ಬಿಸಾಕಬೇಡಿ, ಕಾಳು ಬಿಡಿಸಿ ರಾತ್ರಿಯೆಲ್ಲಾ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆಯಾದ್ರೂ ಕೊತಕೊತ ಕುದಿಸಿ ಮೆತ್ತಗೆ ಬೇಯಿಸಿ, ಅರೆಬೆಂದ ಕಾಳಲ್ಲಿ ಲೆಕ್ಟಿನ್ ಅನ್ನೋ ವಿಷದಂಥ ಪ್ರೋಟೀನ್ ಉಳ್ಕೊಂಡು ವಾಂತಿ ಭೇದಿ ಆಗುತ್ತೆ. ಬಿತ್ತನೆಗೆ ಅಂತ ತಂದ ಔಷಧಿ ಹಚ್ಚಿದ ಬೀಜ ಮಾತ್ರ ಅಡುಗೆಗೆ ಬೇಡವೇ ಬೇಡ.