ಧೋತರಕ್ಕೆ ನೀಲಿ, ಹಲ್ಲಿಗೂ ನೀಲಿ

ಹುನಗುಂದ ಕಡೆಯ ಹಳ್ಳಿಯ ಹುಡುಗಿ. ತಿಂಗಳೊಪ್ಪತ್ತಿನಲ್ಲಿ ಮದುವೆ. ತಾಯಿಯ ಜೊತೆ ನವನಗರದ ನನ್ನ ದವಾಖಾನೆಗೆ ಬಂದವಳು ಕುರ್ಚಿಗೆ ಒರಗುವ ಮೊದಲೇ ಶುರುಮಾಡಿದಳು: "ಸರ್ರ, ಹಲ್ಲು ಬೆಳ್ಳಗ ಆಗ್ಲಿ ಅಂತ ಆರು ತಿಂಗಳಿಂದ ವೈಟ್ನಿಂಗ್ ಪೇಸ್ಟ್ ಹಚ್ಚಿ ದಿನಾ ಮೂರು ಸಲ ತಿಕ್ಕಾಕತ್ತೀನ್ರಿ. ಬೆಳ್ಳಗಂತೂ ಆಗಲಿಲ್ಲ. ಈಗ ತಣ್ಣನ ಮಜ್ಜಿಗಿ ಕುಡಿದ್ರೂ ಜುಮ್ ಅಂತೈತ್ರಿ."

ಲೈಟ್ ಎಳೆದು ನೋಡಿದೆ. ಮೇಲಿನ ಮುಂದಿನ ಹಲ್ಲುಗಳಿಗೆ ಅಡ್ಡಡ್ಡ ಕಂದು ಪಟ್ಟಿ. ಕೋರೆಹಲ್ಲಿನಲ್ಲಿ ಒಸಡು ಮುಗಿದು ಹಲ್ಲು ಶುರುವಾಗುವಲ್ಲಿ ಅರದಿಂದ ಉಜ್ಜಿದಂಥ ಸಣ್ಣ ಕಚ್ಚು. ಪರೀಕ್ಷಿಸುವ ಸೂಜಿಯ ಮೊನೆ ಅದರಲ್ಲಿ ಸಿಕ್ಕಿಕೊಂಡಾಗ ಹುಡುಗಿ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದಳು. ಬ್ರಷ್ ತಂದಿದ್ದರೆ ತೋರಿಸು ಎಂದೆ. ತಾಯಿ ಚೀಲದಿಂದ ತೆಗೆದು ಕೊಟ್ಟರು. ಗಡಸು ಎಳೆಯ ಬ್ರಷ್, ಸವೆದ ಕಸಬರಿಗೆಯ ಹಾಗೆ ಎರಡೂ ಕಡೆ ಕೆದರಿತ್ತು.

ವೈಟ್ನಿಂಗ್ ಪೇಸ್ಟಿನಲ್ಲಿ ಮುಖ್ಯವಾಗಿ ಇರುವುದು ಉಜ್ಜುವ ನುಣುಪು ಪುಡಿ, ಅಂದರೆ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್. ಚಹಾ, ಎಲೆ-ಅಡಿಕೆ, ತಂಬಾಕಿನಿಂದ ಹಲ್ಲಿನ ಹೊರಮೈಗೆ ಹತ್ತಿದ ಕರೆಯನ್ನು ಇದು ಸ್ವಲ್ಪ ತೆಗೆಯುತ್ತದೆ, ಸುಳ್ಳಲ್ಲ. ಆದರೆ ಗಟ್ಟಿಯಾಗಿ ಕಟ್ಟಿದ ಕಿಟ್ಟಕ್ಕೆ ಏನೂ ಆಗುವುದಿಲ್ಲ, ಅದನ್ನು ದವಾಖಾನೆಯಲ್ಲೇ ತೆಗೆಸಬೇಕು. ಕೆಲವು ಪೇಸ್ಟುಗಳಲ್ಲಿ ಬ್ಲೂ ಕೋವರಿನ್ ಎಂಬ ನೀಲಿ ಬಣ್ಣ ಇರುತ್ತದೆ. ನಮ್ಮ ಅಜ್ಜಂದಿರ ಬಿಳಿ ಧೋತರಕ್ಕೆ ನೀಲಿ ಹಾಕುತ್ತಿದ್ದರಲ್ಲ, ಅದೇ ಲೆಕ್ಕ. ಹಲ್ಲಿನ ಮೇಲೆ ತೆಳುವಾಗಿ ಕೂತು ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ, ಆಮೇಲೆ ಹೋಗುತ್ತದೆ. ಇನ್ನು ಕೆಲವಕ್ಕೆ ಪೆರಾಕ್ಸೈಡ್ ಎಂಬ, ಹಲ್ಲು ಬಿಳುಪಾಗಿಸುವ ರಾಸಾಯನಿಕ ಬೆರೆಸಿರುತ್ತಾರೆ. ನಾವು ಅಚ್ಚಿನ ಟ್ರೇಯಲ್ಲಿ ಹಾಕಿ ಕೊಡುವ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಲ್ಲಿನ ಮೇಲೆ ಗಂಟೆಗಟ್ಟಲೆ ಇರುತ್ತದೆ. ಪೇಸ್ಟ್ ಇರುವುದು ಎರಡು ನಿಮಿಷ, ಆಮೇಲೆ ಬಾಯಿ ಮುಕ್ಕಳಿಸುತ್ತೀರಿ. ಎರಡಕ್ಕೂ ಹೋಲಿಕೆಯೇ ಇಲ್ಲ.

ಹಲ್ಲಿನ ಹಳದಿ ಎಲ್ಲವೂ ಕೊಳೆಯಲ್ಲ ಎಂಬುದನ್ನು ನಂಬಿಸುವುದೇ ನನಗೆ ಕಷ್ಟದ ಕೆಲಸ. ಹಲ್ಲಿನ ಹೊರಪದರವಾದ ಎನಾಮೆಲ್ ಅರೆಪಾರದರ್ಶಕ. ಅದರಡಿಯ ಪದರ ಡೆಂಟಿನ್‌ನ ಬಣ್ಣವೇ ಹಳದಿ, ಅದು ಹೊರಗೆ ಇಣುಕುತ್ತದೆ. ಎನಾಮೆಲ್ ಬಹಳ ಗಟ್ಟಿ, ಬರೀ ಪೇಸ್ಟಿಗೆ ಸುಲಭವಾಗಿ ಸವೆಯುವುದಿಲ್ಲ. ಆದರೆ ಒಸಡಿನ ಹತ್ತಿರ ಅದು ತೆಳುವಾಗುತ್ತಾ ಮುಗಿದೇ ಹೋಗುತ್ತದೆ. ಒಸಡು ತುಸು ಹಿಂದೆ ಸರಿದರೆ ಬೇರಿನ ಮೆತ್ತನೆಯ ಭಾಗ ಬಯಲಾಗಿ, ಗಡಸು ಬ್ರಷ್ಷಿಗೂ ಒರಟು ಪೇಸ್ಟಿಗೂ ಸಿಗುತ್ತದೆ. ಡೆಂಟಿನ್ನಿನಲ್ಲಿ ನರದ ಕಡೆಗೆ ಹೋಗುವ ಸಣ್ಣ ಸಣ್ಣ ಕೊಳವೆಗಳಿವೆ. ಮಜ್ಜಿಗೆಯ ತಂಪು ಆ ದಾರಿಯಲ್ಲೇ ಒಳಗೆ ಮುಟ್ಟುತ್ತದೆ. ಪೇಸ್ಟ್ ಎಷ್ಟು ಉಜ್ಜುತ್ತದೆ ಎಂಬುದಕ್ಕೆ ಆರ್‌ಡಿಎ ಎಂಬ ಅಳತೆಯಿದೆ, 250 ಮೀರಬಾರದು ಎಂಬ ಅಂತರರಾಷ್ಟ್ರೀಯ ಮಿತಿಯೂ ಇದೆ. ಆದರೆ ಅಂಗಡಿಯಲ್ಲಿ ಟ್ಯೂಬು ತಿರುಗಿಸಿ ಮುರುಗಿಸಿ ನೋಡಿದರೂ ಆ ಸಂಖ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ.

ಮೊಬೈಲಿನಲ್ಲಿ ನೋಡಿ ವಾರಕ್ಕೊಮ್ಮೆ ಲಿಂಬೆಹಣ್ಣಿನ ರಸಕ್ಕೆ ಅಡುಗೆ ಸೋಡಾ ಕಲಸಿ ತಿಕ್ಕುತ್ತಿದ್ದದ್ದನ್ನೂ ಹುಡುಗಿ ಆಮೇಲೆ ಒಪ್ಪಿಕೊಂಡಳು. ಹುಳಿ ತಾಗಿದ ಎನಾಮೆಲ್ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ, ಆಗ ತಿಕ್ಕಿದರೆ ಸವೆಯುತ್ತದೆ, ಮತ್ತೆ ಬೆಳೆಯುವುದಿಲ್ಲ. ಇದ್ದಿಲಿನ ಪೇಸ್ಟಿನ ಬಗ್ಗೆಯೂ ಬಹಳ ಮಂದಿ ಕೇಳುತ್ತಾರೆ. ಬೂದಿ, ಇದ್ದಿಲು ಬಿಟ್ಟು ಪೇಸ್ಟಿಗೆ ಬಂದವರು ನಾವು. ಈಗ ದುಪ್ಪಟ್ಟು ದುಡ್ಡು ಕೊಟ್ಟು ಮತ್ತೆ ಇದ್ದಿಲನ್ನೇ ಕೊಳ್ಳುತ್ತಿದ್ದೇವೆ!

ಇನ್ನು ಆ ಕಂದು ಪಟ್ಟಿ. ಅದು ಹಲ್ಲಿನ ಮೇಲೆ ಕೂತದ್ದಲ್ಲ, ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಸೇರಿಕೊಂಡದ್ದು, ಫ್ಲೋರೋಸಿಸ್. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಎಂಟು ವರ್ಷದೊಳಗೆ ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದು ಬೆಳೆದ ಹಲ್ಲಿಗೆ ಯಾವ ಟ್ಯೂಬು ಖಾಲಿ ಮಾಡಿದರೂ ಅಷ್ಟೇ.

ವೈಟ್ನಿಂಗ್ ಪೇಸ್ಟ್ ಬಿಡಿಸಿ, ಮೆತ್ತನೆಯ ಬ್ರಷ್ ಮತ್ತು ಜುಮ್ ಅನ್ನುವುದನ್ನು ತಗ್ಗಿಸುವ ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟ್ ಕೊಟ್ಟೆ. ಕಚ್ಚಿಗೆ ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ಸಿಮೆಂಟಿನಂಥ ವಸ್ತು ತುಂಬಿದೆ. ಮೂರು ವಾರದ ಹೊತ್ತಿಗೆ ಜುಮ್ ಅನ್ನುವುದು ಕಡಿಮೆಯಾಯಿತು. ಆಮೇಲೆ ಮುಂದಿನ ನಾಲ್ಕು ಹಲ್ಲಿನ ಪಟ್ಟಿಯ ಮೇಲೂ ತೆಳುವಾಗಿ ಕಾಂಪೋಸಿಟ್ ಹೊದಿಸಿದೆ. ಅದು ಬ್ಲೀಚಿಗೆ ಬಣ್ಣ ಬದಲಿಸುವುದಿಲ್ಲ, ಮುಂದೆ ಯಾರಾದರೂ ಹಲ್ಲು ಬ್ಲೀಚ್ ಮಾಡಿಕೊಡುತ್ತೇವೆ ಎಂದರೆ ಮೊದಲು ಇದನ್ನು ಹೇಳು ಎಂದೂ ತಿಳಿಸಿದೆ.

ಕೊನೆಯ ಸಲ ಬಂದಾಗ ತಾಯಿಯ ಸೆರಗು ಹಿಡಿದು ನಾಲ್ಕು ವರ್ಷದ ಮೊಮ್ಮಗ ನಿಂತಿದ್ದ. ಹಾಲುಹಲ್ಲು ಅಚ್ಚ ಬಿಳಿ.

"ಇವಗ ಯಾವ ಪೇಸ್ಟ್ ಕೊಡೂಣ್ರಿ?" ಎಂದರು.

"ಮನ್ಯಾಗ ಕುಡಿಯಾಕ ಯಾವ ನೀರ್ರಿ?"

"ಬೋರಿಂದ್ರಿ. ಊರಾಗ ಫಿಲ್ಟರ್ ನೀರಿನ ಘಟಕ ಐತ್ರಿ, ಆದ್ರ ದೂರ ಆಕ್ಕೈತಿ. ಇದನ್ನ ಕಾಸಿ ಕೊಟ್ರ ನಡಿತೈತೇನ್ರಿ?"

ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ದಟ್ಟವಾಗುತ್ತದೆ ಎಂದು ಹೇಳಿದೆ. ಕುಡಿಯಲಿಕ್ಕೂ ಅಡುಗೆಗೂ ಸೇರಿ ದಿನಕ್ಕೆ ಎಷ್ಟು ಕೊಡ ಬೇಕಾಗುತ್ತದೆ ಎಂದು ಅವರು ಅಲ್ಲೇ ಬೆರಳು ಮಡಚಿ ಎಣಿಸತೊಡಗಿದರು.